ರೀನಾ ನೋಡದ ಪ್ರಶ್ನೆಪತ್ರಿಕೆ

ಟೌನ್ಸ್‌ವಿಲ್‌ನ ನಮ್ಮ ಗಣಿತ ವಿಭಾಗದಲ್ಲಿ ಮೂವತ್ತು ವರ್ಷ ಒಂದು ಕಟ್ಟಳೆ ನಡೆದುಬಂತು. ಪಿಎಚ್‌ಡಿಗೆ ಸೇರಬೇಕಾದವರು ಎರಡು ಪರೀಕ್ಷೆ ಬರೆಯಬೇಕು, ಒಂದು ಅಮೂರ್ತ ಬೀಜಗಣಿತ, ಇನ್ನೊಂದು ನೈಜ ವಿಶ್ಲೇಷಣೆ. ಪ್ರಶ್ನೆಪತ್ರಿಕೆ ತಯಾರಿಸಿದವರು ಎಂಥ ಪ್ರೊಫೆಸರೇ ಆಗಿರಲಿ, ರೀನಾ ಬೊಸ್ಕೊಲೊ ತಾನೇ ವಿದ್ಯಾರ್ಥಿಯ ಹಾಗೆ ಕೂತು ಮೂರು ಗಂಟೆಯೊಳಗೆ ಅದನ್ನು ಬಿಡಿಸಿ ನೋಡುವ ತನಕ ಅದು ಅಚ್ಚಿಗೆ ಹೋಗುತ್ತಿರಲಿಲ್ಲ.

ರೀನಾ ಪ್ರೊಫೆಸರಲ್ಲ. ಟ್ಯೂಟರ್. ಮೊದಲ ವರ್ಷದ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಕೆಲಸ, ಅದೂ ವರ್ಷ ವರ್ಷ ಹೊಸದಾಗಿ ಬರೆದುಕೊಡುವ ನೌಕರಿ. ಹೆಸರಿನ ಹಿಂದೆ ಡಾಕ್ಟರ್ ಇಲ್ಲ. ಆದರೆ ಅವಳ ಪೆನ್ಸಿಲ್ ಎಂದರೆ ನಮಗೆಲ್ಲ ಎದೆ ಡವಡವ. ಒಂದು ವರ್ಷ ಬೀಜಗಣಿತದ ಪತ್ರಿಕೆಯಲ್ಲಿ ನಾನು, 'ಪ್ರತಿಯೊಂದು ವಲಯದಲ್ಲೂ ಇನ್ನು ದೊಡ್ಡದಾಗಲಾರದ ಒಂದು ಉಪಕುಟುಂಬ ಇರುತ್ತದೆಂದು ಸಾಧಿಸಿ' ಎಂಬ ಅರ್ಥದ ಪ್ರಶ್ನೆ ಕೊಟ್ಟಿದ್ದೆ. ವಲಯವೆಂದರೆ ಕೂಡಿಸಿ ಗುಣಿಸಬಹುದಾದ ಸಂಖ್ಯೆಗಳ ಒಂದು ಮನೆ. ಸೊನ್ನೆಯೊಂದೇ ಇರುವ ವಲಯವನ್ನು ಬಿಡಬೇಕೆಂದು ಹೇಳುವುದೇ ಮರೆತಿತ್ತು. ರೀನಾ ಅಂಚಿನಲ್ಲಿ ಬರೆದಿದ್ದಳು: 'ಲೆನ್, ಸೊನ್ನೆ ಒಬ್ಬಂಟಿಯಾಗಿರುವ ಮನೆಯಲ್ಲಿ ಯಾರನ್ನು ಹುಡುಕಲಿ?' ಯಾರ ತಪ್ಪು ಸಿಕ್ಕಿತೋ ಅವರು ಮರುದಿನ ಬೆಳಗಿನ ಚಹಾಕ್ಕೆ ಕೇಕ್ ತರಬೇಕು. ಇದೂ ಕಟ್ಟಳೆಯೇ. ನಾನು ಕೇಕ್ ತಂದೆ. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ತಿಂದರು.

ಅವಳು ಇಂಗಮ್ ಕಡೆಯ ಕಬ್ಬಿನ ತೋಟದವಳು. ಇಟಲಿಯಿಂದ ಬಂದು ಕಬ್ಬು ಕಡಿದು, ಆಮೇಲೆ ಭೂಮಿ ಮಾಡಿಕೊಂಡ ಮನೆತನ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಇದೇ ವಿಭಾಗದಲ್ಲಿ ಬೀಜಗಣಿತದ ಪರೀಕ್ಷೆ ಬರೆದು ತೇರ್ಗಡೆಯಾದಳು. ವಿಶ್ಲೇಷಣೆಯ ಪರೀಕ್ಷೆಗೆ ಮೂರು ದಿನ ಇರುವಾಗ ಅಪ್ಪನಿಗೆ ಲಕ್ವ ಹೊಡೆಯಿತು. ಕಬ್ಬು ಅರೆಯುವ ಕಾಲ. ಮನೆಗೆ ಹೋದವಳು ಟ್ರ್ಯಾಕ್ಟರ್ ಹತ್ತಿದಳು. ಇಳಿಯುವಷ್ಟರಲ್ಲಿ ನಾಲ್ಕು ವರ್ಷ ಆಗಿತ್ತು. ಮರಳಿ ಬಂದಾಗ ಟ್ಯೂಟರ್ ಕೆಲಸ ಸಿಕ್ಕಿತು, ಅದರಲ್ಲೇ ಉಳಿದಳು.

ಐವತ್ತೆಂಟು ತುಂಬಿದ ವರ್ಷ ಒಂದು ದಿನ ಚಹಾದ ಹೊತ್ತಿಗೆ ಅವಳು ಹೇಳಿದಳು.

"ಈ ನವೆಂಬರ್‌ನಲ್ಲಿ ನಾನು ಪರೀಕ್ಷೆಗೆ ಕೂರ್ತೀನಿ."

"ಪ್ರತಿ ವರ್ಷ ಕೂರ್ತೀಯಲ್ಲ," ಅಂದ ಡೆಸ್. ಡೆಸ್ ಹ್ಯಾನ್ರಹನ್ ನಮ್ಮ ವಿಭಾಗದ ಮುಖ್ಯಸ್ಥ, ಸಂಭವನೀಯತೆಯ ಪಂಡಿತ.

"ಆ ಕೂರೋದಲ್ಲ ಮಾರಾಯ. ನಿಜವಾಗ್ಲೂ. ಪಿಎಚ್‌ಡಿಗೆ."

"ಈ ವಯಸ್ಸಲ್ಲಿ ಡಾಕ್ಟರ್ ಆಗಿ ಯಾರ ನಾಡಿ ಹಿಡೀತೀಯ?"

"ಮೊದಲು ನಿಂದೇ ಹಿಡೀತೀನಿ. ಲೇ ಡೆಸ್, ನನಗೆ ಹೆಸರಿನ ಹುಚ್ಚಿಲ್ಲ. ಬರೀಬೇಕಾಗಿದ್ದ ಒಂದು ಪೇಪರ್ ಬರೀದೆ ಉಳಿದುಹೋಗಿದೆ. ಅದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಥರ ಇದೆ ನನಗೆ. ರಿಟೈರ್ ಆಗೋ ಮುಂಚೆ ಅದು ಇಳೀಬೇಕು."

ಯಾರೂ ನಗಲಿಲ್ಲ. ಡೆಸ್ ಎದ್ದುಹೋಗಿ ಅರ್ಜಿಯ ನಮೂನೆಯನ್ನು ತಾನೇ ತಂದುಕೊಟ್ಟ. ಹಳೆಯ ಬೀಜಗಣಿತದ ಫಲಿತಾಂಶ ಈಗ ನಡೆಯುವುದಿಲ್ಲ ಎಂದು ವಿಶ್ವವಿದ್ಯಾನಿಲಯದ ಕಚೇರಿ ಹೇಳಿತು, ಎರಡನ್ನೂ ಬರೆಯಬೇಕಾಯಿತು. "ಬರೀತೀನಿ ಬಿಡು," ಅಂದಳು.

ಒಂದು ವಿಷಯ ಮಾತ್ರ ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಪರೀಕ್ಷೆ ಬರೆಯುವವಳು ಪ್ರಶ್ನೆಪತ್ರಿಕೆ ನೋಡುವಂತಿಲ್ಲ. ಹಾಗಾದರೆ ಆ ವರ್ಷ ಅದನ್ನು ಕೂತು ಬಿಡಿಸುವವರು ಯಾರು? ಲೆನ್ ನೋಡುತ್ತಾನೆ ಎಂದು ಡೆಸ್ ಅಂದುಕೊಂಡ. ನಾನು ಡೆಸ್ ಯಾರಿಗೋ ಹೇಳಿರುತ್ತಾನೆ ಎಂದುಕೊಂಡೆ. ಮೂವತ್ತು ವರ್ಷ ಒಬ್ಬಳು ಬಾಗಿಲು ಹಾಕಿಕೊಂಡು ಬಂದಿದ್ದರೆ ಮನೆಯವರಿಗೆ ಚಿಲಕ ಎಲ್ಲಿದೆ ಎಂಬುದೇ ಮರೆತುಹೋಗುತ್ತದೆ.

ಸೋಮವಾರ ಬೀಜಗಣಿತ. ಅದರಲ್ಲಿ ತೊಂದರೆ ಬರಲಿಲ್ಲ, ರೀನಾ ತೇರ್ಗಡೆಯಾದಳು. ಗುರುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು ವಿಶ್ಲೇಷಣೆ. ಕೋಣೆಯಲ್ಲಿ ಬರೆಯುವವರು ಇಬ್ಬರೇ. ಒಬ್ಬಳು ರೀನಾ. ಇನ್ನೊಬ್ಬಳು ಬ್ರೈಡಿ, ಇಪ್ಪತ್ತಮೂರರ ಹುಡುಗಿ, ಮೌಂಟ್ ಐಸಾದ ಗಣಿ ಕೆಲಸಗಾರನ ಮಗಳು. ಹಿಂದಿನ ವರ್ಷ ಈ ಪರೀಕ್ಷೆಯಲ್ಲಿ ನಪಾಸಾಗಿದ್ದಳು. ಎರಡು ಸಲ ಮಾತ್ರ ಅವಕಾಶ, ಆದ್ದರಿಂದ ಅವಳಿಗೆ ಇದೇ ಕೊನೆಯದು. ಮೇಲ್ವಿಚಾರಣೆಗೆ ನಾನು. ಆರು ಪ್ರಶ್ನೆಗಳಲ್ಲಿ ನಾಲ್ಕನ್ನು ಪೂರ್ತಿ ಬಿಡಿಸಬೇಕು. ನಾಲ್ಕನೆಯ ಪ್ರಶ್ನೆ ಕಡ್ಡಾಯ.

ಒಂಬತ್ತೂ ನಲವತ್ತಕ್ಕೆ ರೀನಾ ಎದ್ದು ನನ್ನ ಮೇಜಿನ ಬಳಿ ಬಂದು ಪಿಸುಗುಟ್ಟಿದಳು.

"ಲೆನ್, ನಾಲ್ಕನೇದು ಸುಳ್ಳು."

"ಏನು?"

"ಸಾಧಿಸೋಕೆ ಆಗಲ್ಲ ಅದನ್ನ. ಅದು ನಿಜವೇ ಅಲ್ಲ."

ನಾನು ಓದಿದೆ. ಪ್ರಶ್ನೆಯ ಸಾರ ಇಷ್ಟು: ಕೊನೆಯಿಲ್ಲದ ಒಂದು ಗೆರೆಯ ಮೇಲೆ ಒಂದರ ಹಿಂದೊಂದು ಫಲನಗಳು, ಅಂದರೆ ಫಂಕ್ಷನ್‌ಗಳು, ಬರುತ್ತವೆ. ಯಾವ ಬಿಂದುವಿನಲ್ಲಿ ನಿಂತು ನೋಡಿದರೂ ಅವು ಕೊನೆಗೆ ಒಂದು ಬೆಲೆಗೆ ಬಂದು ನೆಲೆ ನಿಲ್ಲುತ್ತವೆ. ಹಾಗಿದ್ದರೆ ಗೆರೆಯಲ್ಲಿ ಒಂದು ಚೂರನ್ನು ಬಿಟ್ಟುಕೊಟ್ಟು, ಮಿಕ್ಕ ಕಡೆಯೆಲ್ಲ ಅವು ಒಟ್ಟೊಟ್ಟಿಗೇ ನೆಲೆ ನಿಲ್ಲುತ್ತವೆ ಎಂದು ಸಾಧಿಸಿ.

"ಕಬ್ಬಿನ ರೈಲಿನ ಒಂದು ಡಬ್ಬಿ ಅಂದ್ಕೋ," ಅಂದಳು ರೀನಾ. "ಹಳಿ ಮೇಲೆ ಹೋಗ್ತಾನೇ ಇದೆ. ನೀನು ಎಲ್ಲಿ ನಿಂತಿದ್ರೂ ಅದು ನಿನ್ನ ದಾಟಿಹೋಗುತ್ತೆ, ಆಮೇಲೆ ಅಲ್ಲಿ ಖಾಲಿ. ಹಳಿಗೆ ಕೊನೇನೇ ಇಲ್ಲ ಅಂದ್ರೆ? ಡಬ್ಬಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತೆ, ಚೂರೂ ಚಿಕ್ಕದಾಗದೆ. ಎಷ್ಟು ಜಾಗ ಬಿಟ್ಕೊಟ್ರೂ ಅಷ್ಟೇ."

ಎರಡು ನಿಮಿಷದಲ್ಲಿ ನನಗೂ ಗೊತ್ತಾಯಿತು. ಗೆರೆಯ ಉದ್ದ ಪರಿಮಿತವಾಗಿರಬೇಕು ಎಂಬ ಒಂದು ಮಾತು ಬಿಟ್ಟುಹೋಗಿದೆ. ಪತ್ರಿಕೆ ಬರೆದವನು ಡೆಸ್; ಇದು ಅವನು ಮಾತ್ರ ಮಾಡಬಹುದಾದ ತಪ್ಪು. ಸಂಭವನೀಯತೆಯವರ ಲೋಕದಲ್ಲಿ ಎಲ್ಲವನ್ನೂ ಕೂಡಿಸಿದರೆ ಬರುವುದು ಒಂದೇ. ಮಳೆ ಬರುವುದು, ಬಾರದಿರುವುದು, ಎರಡೂ ಸೇರಿ ಒಂದು. ಜೀವಮಾನವೆಲ್ಲ ಆ ಒಂದರೊಳಗೇ ಸಂಸಾರ ಮಾಡಿದವನಿಗೆ ಮಿತಿಯನ್ನು ಬಾಯಿಬಿಟ್ಟು ಹೇಳಬೇಕು ಎಂದು ತೋಚುವುದಾದರೂ ಹೇಗೆ?

ನಿಯಮದ ಪ್ರಕಾರ ಪ್ರಶ್ನೆಯನ್ನು ತಿದ್ದುವ ಅಧಿಕಾರ ಅದನ್ನು ಬರೆದವನಿಗೆ ಮಾತ್ರ. ಡೆಸ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಕಚೇರಿಗೆ ಮಾಡಿದರೆ, ಅವನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಾನೆ ಎಂದು ಗೊತ್ತಾಯಿತು.

"ಹೋಗಿ ಕೂತ್ಕೋ," ಅಂದೆ ರೀನಾಗೆ. "ಅವನು ಸಿಕ್ಕ ತಕ್ಷಣ ಹೇಳ್ತೀನಿ."

"ಅಲ್ಲೀ ತನಕ ಆ ಹುಡುಗಿ?"

"ನಿಯಮ ಅಂದ್ರೆ ನಿಯಮ, ರೀನಾ. ನಿನ್ನ ಪೇಪರ್ ನೀನು ನೋಡ್ಕೋ."

ಅವಳು ಹೋಗಿ ಕೂತಳು. ಹತ್ತೂವರೆ ಆಯಿತು. ಹನ್ನೊಂದಾಯಿತು. ನಾನು ಮತ್ತೆ ಮತ್ತೆ ಫೋನ್ ಒತ್ತುತ್ತಿದ್ದೆ. ಬ್ರೈಡಿ ನಾಲ್ಕನೆಯ ಪ್ರಶ್ನೆಯಲ್ಲೇ ಸಿಕ್ಕಿಕೊಂಡಿದ್ದಳು. ಒಂದು ಹಾಳೆ ಬರೆದಳು, ಹೊಡೆದುಹಾಕಿದಳು. ಇನ್ನೊಂದು ಬರೆದಳು, ಅದನ್ನೂ ಹೊಡೆದುಹಾಕಿದಳು. ತಾನು ದಡ್ಡಿ ಎಂದು ತೀರ್ಮಾನಿಸಿಕೊಂಡವರ ಮುಖ ಹೇಗಿರುತ್ತದೆ ಎಂಬುದು ಮೇಷ್ಟ್ರುಗಳಿಗೆ ಗೊತ್ತಿರುತ್ತದೆ. ನಾನು ಅದನ್ನು ನೋಡುತ್ತಾ ಕೂತಿದ್ದೆ. ಎದ್ದು ನಿಂತು ಒಂದು ಮಾತು ಹೇಳಲು ನನಗೇನು ಧಾಡಿಯಾಗಿತ್ತೋ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ ನನ್ನದು.

ಹನ್ನೊಂದೂ ಹತ್ತಕ್ಕೆ ರೀನಾ ಎದ್ದಳು. ಹಾಳೆಗಳನ್ನು ಜೋಡಿಸಿ, ಪಿನ್ ಹಾಕಿ, ನನ್ನ ಮೇಜಿನ ಮೇಲಿಟ್ಟಳು. ಆಮೇಲೆ ತಿರುಗಿ, ಯಾರಿಗೂ ಅನುಮಾನ ಉಳಿಯದಷ್ಟು ಗಟ್ಟಿಯಾಗಿ ಹೇಳಿದಳು:

"ಬ್ರೈಡಿ, ನಾಲ್ಕನೇದು ತಪ್ಪು ಪ್ರಶ್ನೆ ಕಣೆ. ಅದು ಸುಳ್ಳು. ತಪ್ಪು ನಿನ್ನದಲ್ಲ. ಬಿಟ್ಟು ಮುಂದಿನದು ಮಾಡು. ಇನ್ನೂ ಐವತ್ತು ನಿಮಿಷ ಇದೆ."

ಪರೀಕ್ಷೆಯ ಕೋಣೆಯಲ್ಲಿ ಒಬ್ಬರು ಇನ್ನೊಬ್ಬರ ಜೊತೆ ಮಾತಾಡಿದರೆ ಮಾತಾಡಿದವರ ಪತ್ರಿಕೆ ರದ್ದು. ಇದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಬಾಗಿಲು ತೆರೆದುಕೊಂಡು ಹೋದಳು. ಬ್ರೈಡಿ ನನ್ನ ಕಡೆ ನೋಡಿದಳು. ನಾನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಅವಳು ಮೂಗು ಒರೆಸಿಕೊಂಡು ಐದನೆಯದಕ್ಕೆ ಕೈ ಹಾಕಿದಳು.

ಕೋಣೆ ಖಾಲಿಯಾದ ಮೇಲೆ ರೀನಾಳ ಹಾಳೆಗಳನ್ನು ತಿರುವಿದೆ. ಒಂದು, ಎರಡು, ಐದು, ಎಲ್ಲವೂ ಸರಿ. ನಾಲ್ಕನೆಯದಕ್ಕೆ ಆ ಡಬ್ಬಿಯ ಪ್ರತ್ಯುದಾಹರಣೆ ಐದು ಸಾಲಿನಲ್ಲಿತ್ತು, ಅದಕ್ಕೂ ಪೂರ್ತಿ ಅಂಕ ಸಿಗಲೇಬೇಕು. ಅಂದರೆ ಅವಳು ಆಗಲೇ ತೇರ್ಗಡೆಯಾಗಿದ್ದಳು. ಇನ್ನು ಐವತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಾಗಿತ್ತು.

ಆದರೂ ವರದಿಯಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆದೆ. ಬರೆಯದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಬ್ರೈಡಿಯಂತೂ ಹೇಳುತ್ತಿರಲಿಲ್ಲ. ಈ ಮಾತನ್ನು ಇಂದಿಗೂ ಸಮಾಧಾನದಿಂದ ಹೇಳಲು ನನಗಾಗುವುದಿಲ್ಲ.

ಡೆಸ್, ಅರ್ಧ ಮರಗಟ್ಟಿದ ಬಾಯಲ್ಲೇ ಕಚೇರಿಗೆ ಓಡಿ, 'ತಪ್ಪು ನನ್ನದು, ಶಿಕ್ಷೆ ಅವಳಿಗೇಕೆ' ಎಂದು ಜಗಳವಾಡಿದ. ಕಚೇರಿ ಜಗ್ಗಲಿಲ್ಲ. ನಾಲ್ಕನೆಯ ಪ್ರಶ್ನೆಯನ್ನು ಕೈಬಿಟ್ಟು ಬ್ರೈಡಿಯ ಪತ್ರಿಕೆ ತಿದ್ದಿದರು; ಅವಳು ಪಾಸಾದಳು. ರೀನಾಳದು ರದ್ದು, ಮುಂದಿನ ನವೆಂಬರ್‌ನಲ್ಲಿ ಮತ್ತೊಮ್ಮೆ ಬರೆಯಬಹುದು. ಮರುದಿನ ಡೆಸ್ ಎರಡು ತಟ್ಟೆ ಲ್ಯಾಮಿಂಗ್ಟನ್ ಕೇಕ್ ತಂದ. ಯಾರೂ ಮುಟ್ಟಲಿಲ್ಲ.

ರೀನಾ ನನ್ನ ಪಕ್ಕ ಬಂದು ಕೂತಳು.

"ವರದಿ ಬರೆದಿದ್ದು ಸರಿ ಲೆನ್. ಬರೀದೇ ಇದ್ದಿದ್ರೆ ನಿನ್ನನ್ನ ನಂಬೋದು ಕಷ್ಟ ಆಗ್ತಿತ್ತು."

"ಹಂಗಾದ್ರೆ ನನ್ನ ಮೇಲೆ ಕೋಪ ಇಲ್ವಾ?"

"ಯಾರು ಹೇಳಿದ್ದು ಇಲ್ಲ ಅಂತ? ನಿನ್ನ ಮುಖ ನೋಡಿದ್ರೆ ಮೈ ಉರಿಯುತ್ತೆ. ಬರೆದಿದ್ದಕ್ಕಲ್ಲ. ಒಂದೂವರೆ ಗಂಟೆ ಆ ಮಗು ಒದ್ದಾಡೋದನ್ನ ನೋಡ್ಕೊಂಡು ಸುಮ್ನೆ ಕೂತಿದ್ಯಲ್ಲ, ಅದಕ್ಕೆ."

"ನಿನಗೆ ಬೇಜಾರಿಲ್ವಾ ರೀನಾ? ಪೇಪರ್ ಹೋಯ್ತಲ್ಲ."

"ಬೇಜಾರಾ? ರಾತ್ರಿಯೆಲ್ಲಾ ಅತ್ತಿದೀನಿ ಕಣೋ," ಅಂದಳು. ಚಹಾಕ್ಕೆ ಸಕ್ಕರೆ ಹಾಕಿಕೊಂಡು ಕಲಕಿದಳು.

ಮುಂದಿನ ವರ್ಷವೂ ಅವಳು ಅರ್ಜಿ ಹಾಕಿದಳು. ಕೊನೆಯ ಅವಕಾಶ, ಅದೇ ಕೋಣೆ, ಈ ಸಲ ಅವಳೊಬ್ಬಳೇ. ಪ್ರಶ್ನೆ ಡೆಸ್‌ನದೇ. ಮೇಲ್ವಿಚಾರಣೆ ನನಗೆ ಬೇಡ ಎಂದಿದ್ದೆ. ರೀನಾನೇ, "ನೀನೇ ಇರು, ಈ ಸಲ ಬಾಯಿ ತೆಗೀತೀಯೇನೋ ನೋಡೋಣ," ಅಂದಳು. ಹನ್ನೊಂದಕ್ಕೇ ಮುಗಿಸಿದಳು. ಆಮೇಲೆ ಒಂದು ಗಂಟೆ ಪತ್ರಿಕೆಯನ್ನು ಅತ್ತಿಂದಿತ್ತ, ಇತ್ತಿಂದತ್ತ ಹುಡುಕಿದಳು. ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಒಂದೊಂದು ಪದದ ಮೇಲೂ ಪೆನ್ಸಿಲ್ ಇಟ್ಟು ನೋಡಿದಳು. ಹನ್ನೆರಡಾಯಿತು.

"ಹೇಗಿತ್ತು?" ಅಂದೆ.

"ಒಂದೂ ತಪ್ಪಿಲ್ಲ," ಅಂದಳು. ಪಾಸಾಗಿರುವುದು ಅವಳಿಗೂ ಗೊತ್ತಿತ್ತು, ನನಗೂ. "ಡೆಸ್ ಬರೆದಿದ್ದು, ಒಂದೂ ತಪ್ಪಿಲ್ಲ! ಯಾರು ನೋಡಿದ್ದು ಇದನ್ನ?"

"ಬ್ರೈಡಿ. ಹೋದ ವಾರ ಬೀಗ ಹಾಕ್ಕೊಂಡು ಮೂರು ಗಂಟೆ ಕೂತಿದ್ಲು. ಎರಡು ತಪ್ಪು ಹಿಡಿದ್ಲು. ಸಾಲದು ಅಂತ ಮರುದಿನ ಮತ್ತೆ ಕೂತ್ಲು."

ರೀನಾ ಪತ್ರಿಕೆಯನ್ನು ಮೇಜಿನ ಮೇಲೆ ಇಟ್ಟಳು. ಇಷ್ಟು ವರ್ಷದಲ್ಲಿ ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನನಗೋಸ್ಕರ ಕೂತಿದ್ಲಾ?" ಅಂದಳು.