ಹನುಮಂತಮ್ಮ ಕಂಡ ಎರಡು ಗಾಳಿ

ಸೋಲೂರಿನ ಸುತ್ತಲ ಹಳ್ಳಿಗಳಲ್ಲಿ ಸುಗ್ಗಿ ಬಂತೆಂದರೆ ಹನುಮಂತಮ್ಮನಿಗೆ ಹೇಳಿಕಳಿಸುತ್ತಿದ್ದರು. ತುಳಿಸಿದ ರಾಗಿ ಕಣದ ನಡುವೆ ಗುಡ್ಡೆ ಬಿದ್ದಿರುತ್ತಿತ್ತು, ತೂರಲು ಗಾಳಿ ಇರುತ್ತಿರಲಿಲ್ಲ. ಆಕೆ ಬಂದು ಒಂದು ಚಿಟಿಕೆ ಹೊಟ್ಟನ್ನು ತಲೆಯೆತ್ತರಕ್ಕೆ ಹಿಡಿದು ಬಿಡುತ್ತಿದ್ದಳು. ಅದು ಇಳಿಯುವ ಬಗೆ ನೋಡಿ, "ಹಿಟ್ಟು ಉಂಡ್ಕೊಂಡ್ ಬನ್ನಿ, ಆಮೇಲೆ ಮೂಡ್ಲಿಂದ ಬೀಸ್ತದೆ" ಎನ್ನುತ್ತಿದ್ದಳು. ಹೆಚ್ಚಿನ ಸಲ ಹಾಗೆಯೇ ಆಗುತ್ತಿತ್ತು. ಓದು ಬರಹ ಗೊತ್ತಿಲ್ಲದಿದ್ದರೂ ಮೂವತ್ತು ವರ್ಷ ತೂರಿದ ಕೈ ಅದು. ಗಾಳಿಯ ವಿಷಯದಲ್ಲಿ ಆಕೆ ಯಾರ ಮಾತಿಗೂ ಸೊಪ್ಪು ಹಾಕುತ್ತಿರಲಿಲ್ಲ.

೧೯೮೩ರ ಆಷಾಢ. ಒಂದು ಬೆಳಿಗ್ಗೆ ಗಂಡ ಗಂಗಹನುಮಯ್ಯನ ಜೊತೆ ಹೊಲದಲ್ಲಿ ಅಲಸಂದೆ ಕಾಯಿ ಬಿಡಿಸುತ್ತಿದ್ದಾಗ ಸಾಲಿನ ನಡುವೆ ಒಂದು ಬಿಳಿ ಡಬ್ಬಿ ಕಾಣಿಸಿತು. ಕೈಯಲ್ಲಿ ಎತ್ತಿದರೆ ತೂಕವೇ ಇಲ್ಲ. ಅದಕ್ಕೆ ಮಾರುಗಟ್ಟಲೆ ದಾರ, ದಾರದ ತುದಿಯಲ್ಲಿ ಹರಿದ ರಬ್ಬರು.

"ಕೆಳ್ಗಿಡು. ಯಾರೋ ಮಾಟ ಮಾಡ್ಸವ್ರೆ" ಎಂದ ಗಂಗಹನುಮಯ್ಯ ನಾಲ್ಕು ಹೆಜ್ಜೆ ಹಿಂದೆ ಸರಿದ.

"ಮಾಟಕ್ಕೆ ಇಷ್ಟುದ್ದ ದಾರ ಯಾಕೆ?" ಎಂದ ಹನುಮಂತಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಶಾಲೆಗೆ ನಡೆದಳು.

ಶಾಲೆಯ ರಾಮಲಿಂಗಯ್ಯ ಮೇಷ್ಟ್ರು ಡಬ್ಬಿಯ ಮೇಲೆ ಅಂಟಿಸಿದ್ದ ಚೀಟಿ ಓದಿದರು. "ಹೆದರ್ಬೇಡ. ಹವಾಮಾನ ಇಲಾಖೆಯವರದು. ಬೆಂಗಳೂರಿಂದ ಬಲೂನಿಗೆ ಕಟ್ಟಿ ಹಾರಿಸ್ತಾರೆ. ಮೇಲೆ ಹೋದ್ಮೇಲೆ ಬಲೂನು ಒಡೆಯುತ್ತೆ. ಇದನ್ನ ಗಾಳಿ ತಂದು ನಿಮ್ಮ ಹೊಲಕ್ಕೆ ಹಾಕಿದೆ."

"ಯಾವ ಗಾಳಿ ಮೇಷ್ಟ್ರೆ?"

ಮೇಷ್ಟ್ರಿಗೆ ಪ್ರಶ್ನೆ ಅರ್ಥವಾಗಲಿಲ್ಲ.

"ಬೆಂಗ್ಳೂರು ನಮ್ಗೆ ಮೂಡ್ಲಾಗೈತೆ. ಆಸಾಡದ ಗಾಳಿ ಪಡುವ್ಲಿಂದ ಬೀಸ್ತದೆ. ಅಲ್ಲಿ ಬುಟ್ಟಿದ್ದು ಕೋಲಾರದ ದಿಕ್ಕಿಗೆ ಹೋಗ್ಬೇಕು. ಎದುರು ಗಾಳೀಲಿ ನಮ್ಮೊಲಕ್ಕೆ ಹೆಂಗ್ ಬಂತು?"

ಮೇಷ್ಟ್ರು ಕಿಟಕಿಯಾಚೆ ನೋಡಿದರು. ಬೇವಿನ ಮರದ ಕೊಂಬೆಗಳೆಲ್ಲ ಮೂಡಣಕ್ಕೆ ಬಾಗಿ ಒದ್ದಾಡುತ್ತಿದ್ದವು. ಡಬ್ಬಿಯ ಚೀಟಿಯನ್ನು ಮತ್ತೊಮ್ಮೆ ಓದಿದರು.

ಆಮೇಲೆ ನಾಲ್ಕು ದಿನ ಹನುಮಂತಮ್ಮ ಊರಲ್ಲಿ ಸಿಕ್ಕವರನ್ನೆಲ್ಲ ಇದನ್ನೇ ಕೇಳಿದಳು. ಕಡೆಗೆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿದ ಮೇಷ್ಟ್ರು ಆಕೆಯ ಮನೆಬಾಗಿಲಿಗೆ ಬಂದು, "ನಡೆಯಮ್ಮ, ಬಲೂನು ಹಾರಿಸೋರನ್ನೇ ಕೇಳಿಬಿಡೋಣ" ಎಂದರು. ಇಬ್ಬರೂ ನೆಲಮಂಗಲದ ಮೇಲೆ ಹೋಗುವ ಬಸ್ಸು ಹತ್ತಿದರು.

ಬೆಂಗಳೂರಿನ ಹವಾಮಾನ ಕಚೇರಿಯಲ್ಲಿ ಬಲೂನು ಬಿಡುವ ಕೆಲಸ ಸನಾವುಲ್ಲಾ ಎಂಬವರದು. ಅವರು ಡಬ್ಬಿಯನ್ನು ತಿರುಗಿಸಿ ನೋಡಿ, ಹನುಮಂತಮ್ಮನ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡರು. "ಹದಿನೆಂಟು ವರ್ಷದಿಂದ ಬಿಡ್ತಾ ಇದೀನಿ. ಡಬ್ಬಿ ತಂದುಕೊಟ್ಟೋರು ಬಹಳ ಜನ. ಹೀಗೆ ಕೇಳಿದೋರು ಒಬ್ರೂ ಇಲ್ಲ. ಕೂತ್ಕೊಳ್ಳಿ ಅಮ್ಮ, ಸಂಜೆದು ಬಿಡೋ ಹೊತ್ತಾಯ್ತು."

ಆಳೆತ್ತರಕ್ಕೂ ಮೀರಿ ಉಬ್ಬಿದ ಬಲೂನು ಕೈಬಿಟ್ಟೊಡನೆ ಮೂಡಣಕ್ಕೆ ಓಡಿತು. ನಾನು ಹೇಳಲಿಲ್ಲವೇ ಎಂಬಂತೆ ಹನುಮಂತಮ್ಮ ಮೇಷ್ಟ್ರ ಮುಖ ನೋಡಿದಳು. ಬಲೂನು ಮೋಡದೊಳಗೆ ಮರೆಯಾಯಿತು. ಒಳಗೆ ಬಲೂನಿನ ಜಾಡು ಹಿಡಿಯುವ ಯಂತ್ರದ ಮುಂದೆ ಕೂತ ಸನಾವುಲ್ಲಾ ಆಗಾಗ ಲೆಕ್ಕ ಹೇಳುತ್ತಿದ್ದರು. ಇಪ್ಪತ್ತು ನಿಮಿಷ ಕಳೆದಾಗ, "ಆರು ಕಿಲೋಮೀಟರ್ ಮೇಲಿದೆ. ಗಾಳಿ ಸತ್ತುಹೋಗಿದೆ" ಎಂದರು. ಇನ್ನಷ್ಟು ಹೊತ್ತಾದ ಮೇಲೆ, "ತಿರುಗ್ತು ಅಮ್ಮ. ನಿಮ್ಮೂರ ಕಡೆ ಹೊರಟಿದೆ. ಈಗ ಬಸ್ಸಿಗಿಂತ ಜೋರು."

ಹನುಮಂತಮ್ಮ ಕಿಟಕಿಯಾಚೆ ಮೋಡದತ್ತ ಕತ್ತೆತ್ತಿದಳು. "ಮೇಲೆ ಇನ್ನೊಂದು ಗಾಳಿ ಐತಾ?"

"ಇದೆ. ಮೂಡಲ ಕಡಲು, ಅದರಾಚೆಯ ನಾಡುಗಳು ಬಿಸಿಲಿಗೆ ಕಾದಿರ್ತವೆ. ಅಲ್ಲಿ ಗಾಳಿ ಮೇಲೇಳುತ್ತೆ, ಮೋಡ ಕಟ್ಟುತ್ತೆ, ಮಳೆ ಸುರಿಯುತ್ತೆ. ಎದ್ದ ಗಾಳಿ ಸುಮ್ನೆ ಇರೋದಿಲ್ಲ. ನಮ್ಮ ತಲೆ ಮೇಲೆ ಹಾದು, ಪಡುವಣ ಕಡಲನ್ನೂ ದಾಟಿ, ದೂರ ಹೋಗಿ ಇಳಿಯುತ್ತೆ. ಇಳಿದದ್ದು ನೆಲದ ಮಟ್ಟದಲ್ಲಿ ತಿರುಗಿ ಬಂದು ನಿಮ್ಮ ಆಷಾಢದ ಗಾಳಿಗೆ ಸೇರ್ಕೊಳ್ಳುತ್ತೆ."

ಆಕೆ ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಹಾಕಿದಳು. "ಮುದ್ದೆಗೆ ಎಸ್ರು ಕುದಿಯೋವಾಗ ನಡುಮಧ್ಯ ಉಕ್ಕಿ, ಅಂಚಿಗೋಗಿ ಮುಳುಗ್ತದಲ್ಲ, ಹಂಗಾ ಸ್ವಾಮಿ?"

"ಹಾಗೇನೇ."

"ಎಷ್ಟಗಲದ ಮಡಕೆ ಅದು?"

"ಸಾವಿರಾರು ಮೈಲಿ."

ಅಷ್ಟಗಲದ ಒಂದು ಮಡಕೆಯನ್ನು ಆಕೆ ಮನಸ್ಸಿನಲ್ಲಿ ಹಿಡಿಯಲು ನೋಡಿದಳು, ಆಗಲಿಲ್ಲ. "ಉಕ್ಕೋ ಕಡೆ ಮಳೆ ಅಂದ್ರಿ. ಮುಳುಗೋ ಕಡೆ?"

"ಮರಳುಗಾಡು. ಇಳಿಯೋ ಗಾಳಿ ಮೋಡ ಏಳೋಕೆ ಬಿಡಲ್ಲ. ಕೆಲವು ವರ್ಷ ಉಕ್ಕೋ ಜಾಗ ಇನ್ನೂ ಮೂಡಲಿಗೆ, ಮಹಾಸಾಗರದ ನಡುವಿಗೆ ಸರಿದುಬಿಡುತ್ತೆ. ಆಗ ನಮ್ಮಲ್ಲಿ ಮಳೆ ಸೊರಗುತ್ತೆ. ಹೋದ ವರ್ಷ ಸರಿದಿತ್ತು."

"ಹೋದೊರ್ಸ ಮಳೆ ಹಿಂದೇಟು ಹಾಕ್ದಾಗ ಊರೋರೆಲ್ಲ ಸೇರಿ, ಯಾರ್ ಮಾಡಿದ್ ತೆಪ್ಪು ಅಂತ ಜಗ್ಳ ಆಡುದ್ವಿ ಸ್ವಾಮಿ" ಎಂದಳು ಹನುಮಂತಮ್ಮ.

ಹತ್ತು ಹನ್ನೆರಡು ದಿನವಾದ ಮೇಲೆ ಒಂದು ಬೆಳಿಗ್ಗೆ ಹೊಲದಲ್ಲಿ ಆಕೆ ಕೆಲಸ ಬಿಟ್ಟು ಮೇಲೆ ನೋಡುತ್ತ ನಿಂತಳು. ಕೆಳಗಿನ ಕಪ್ಪು ಮೋಡಗಳು ಎಂದಿನಂತೆ ಮೂಡಣಕ್ಕೆ ಓಡುತ್ತಿದ್ದವು. ನಡುವೆ ಒಂದು ಕಡೆ ಹರಿದು ನೀಲಿ ಕಾಣುತ್ತಿತ್ತು. ಆ ನೀಲಿಯಲ್ಲಿ, ಬಹಳ ಎತ್ತರದಲ್ಲಿ, ಹಿಂಜಿದ ಅರಳೆಯಂಥ ತೆಳುಮೋಡ. ಅದು ಪಡುವಣಕ್ಕೆ ಹೋಗುತ್ತಿತ್ತು.

"ಬಾ ಇಲ್ಲಿ. ಅಂಗಾತ ಮಲ್ಗು" ಎಂದು ಗಂಡನನ್ನು ಕರೆದಳು. ಗಂಗಹನುಮಯ್ಯ ಗೊಣಗುತ್ತಲೇ ಬದುವಿನ ಮೇಲೆ ಮಲಗಿದ. ಕಣ್ಣು ಪಳಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಅವನಿಗೆ ಏಳುವ ಮನಸ್ಸೇ ಆಗಲಿಲ್ಲ.

"ನಮ್ಮಪ್ಪನ್ ಕಾಲ್ದಲ್ಲೂ ಇದು ಹಿಂಗೇ ಹರೀತಿತ್ತಾ?" ಎಂದು ಮೆಲ್ಲಗೆ ಕೇಳಿದ.

"ಅವ್ರಪ್ಪನ್ ಕಾಲ್ದಲ್ಲೂ."

ಸುಗ್ಗಿಯಲ್ಲಿ ಜನ ಮತ್ತೆ ಕರೆದರು, ಆಕೆ ಹೋದಳು. ಆದರೆ ಮೊದಲಿನ ಬಿಗುಮಾನ ಇರಲಿಲ್ಲ. "ನಂಗೊತ್ತಿರೋದು ಕೆಳಗ್ಲು ಗಾಳಿ ಅಷ್ಟೇ ಕಣ್ರಪ್ಪ" ಎಂದು ಸೇರಿಸುತ್ತಿದ್ದಳು. ಮುಂದೆ ಊರಿಗೆ ತೂರುವ ಯಂತ್ರ ಬಂತು, ಕರೆ ನಿಂತಿತು. ಆಕೆಗೆ ಅದರ ಬೇಸರವಿರಲಿಲ್ಲ. ಎಂಬತ್ತು ದಾಟಿದ ಮೇಲೂ ಆಷಾಢದಲ್ಲಿ ಮೋಡ ಹರಿದ ದಿನ ಅಂಗಳಕ್ಕೆ ಚಾಪೆ ಹಾಸಿಸಿ, ಮನೆಗೆ ಬಂದವರನ್ನು ಅಂಗಾತ ಮಲಗಿಸುತ್ತಿದ್ದಳು. ಬಿಳಿ ಪಂಚೆಯ ನಿವೃತ್ತ ಮೇಷ್ಟ್ರೂ ಹಾಗೆ ಮಲಗಿ ನೋಡಿದ್ದುಂಟು. ಯಾರಾದರೂ ಮಾತಾಡಲು ಬಾಯಿ ತೆರೆದರೆ ಹನುಮಂತಮ್ಮ ಕೈ ಅಡ್ಡ ತರುತ್ತಿದ್ದಳು.

"ಮೊದ್ಲು ನೋಡಿ."