ಚೆಲುವಮ್ಮ ಹೇಳಿದ ಸುಳ್ಳು

“ಬೇರು ಮಡಚಿ ನೆಟ್ಟಿರೋರು ಯಾರು?”

ಯಸಳೂರು ಕಡೆಯ ಎಸ್ಟೇಟೊಂದರ ನರ್ಸರಿಯಲ್ಲಿ, ಆಳುಗಳ ಉಸ್ತುವಾರಿ ನೋಡುವ ರೈಟರು ಮಣ್ಣಿನ ಕವರಿನಿಂದ ಕಾಫಿ ಸಸಿ ಕಿತ್ತು ಹಿಡಿದು ಗದರಿದರು. ಬುತ್ತಿ ಕೊಡಲು ಹೋಗಿದ್ದ ನಾನು ಆ ಸಸಿಗಳ ಸಾಲಿನತ್ತ ನೋಡಿದೆ. ನೆಟ್ಟವಳು ನನ್ನ ಮಗಳು. ಎಂ.ಎಸ್ಸಿ. ಸೇರುವ ಮುಂಚೆ, ಹಾಸ್ಟೆಲ್ ಖರ್ಚಿಗಾಗಲೆಂದು ಬೇಸಿಗೆಯ ಎರಡು ತಿಂಗಳಿಗೆ ಹಿಡಿದಿದ್ದ ಕೆಲಸ. ಬೇರು ಮಡಚಿದ ಸಸಿ ಉಳಿಯುವುದಿಲ್ಲ. ಹಾಗೆ ನೆಟ್ಟವರಿಗೆ ಅಲ್ಲಿ ಕೆಲಸವೂ ಉಳಿಯುವುದಿಲ್ಲ.

ಪಕ್ಕದಲ್ಲಿದ್ದ ಮುದುಕಿ ಚೆಲುವಮ್ಮ, ಏಳಲು ಹೊರಟ ನನ್ನ ಮಗಳ ಕೈ ಅದುಮಿ ಕೂರಿಸಿ, ತಾವೇ ಎದ್ದು ನಿಂತರು.

“ನಾನೇ ಕಣ್ರೀ ರೈಟ್ರೇ. ಕಣ್ಣು ಮಂಜಾಗ್ಬುಟ್ಟೈತೆ.”

“ಹಂಗಾದ್ರೆ ನಾಳೆಯಿಂದ ಬರಬೇಡ” ಎಂದರು ರೈಟರು. ಮಗಳು ತಲೆ ತಗ್ಗಿಸಿದಳು. ನಾನೂ ಬಾಯಿ ಬಿಡಲಿಲ್ಲ.

ಗೇಟಿನವರೆಗೆ ಓಡಿಹೋಗಿ ಚೆಲುವಮ್ಮನ ಕೈ ಹಿಡಿದುಕೊಂಡೆ. “ಅಳಬ್ಯಾಡ ಕಣವ್ವ. ನನಗೆ ಇನ್ನೊಂದು ತೋಟ ಸಿಗ್ತದೆ. ನಿನ್ ಮಗಳು ಓದೋದ್ರಲ್ಲಿ ಜಾಣೆ, ನೆಡೋದ್ರಲ್ಲಿ ದಡ್ಡಿ. ಕಲ್ಸಿದ್ದು ನಾನೇ ಅಲ್ವಾ, ತಪ್ಪೂ ನಂದೇ” ಎಂದು ನಕ್ಕು ನಡೆದರು.

ದೇವರ ದಯೆಯಿಂದ ಮಗಳ ಓದು ಮುಗಿಯಿತು. ಅಂದು ನಿಜ ಹೇಳದೆ ಮುಚ್ಚಿಕೊಂಡಿದ್ದ ಈ ಬಾಯಿ, ಇಂದಿಗೂ ದೀಪ ಹಚ್ಚುವಾಗ ದೇವರಿಗಿಂತ ಮೊದಲು ಚೆಲುವಮ್ಮನ ಹೆಸರು ಹೇಳುತ್ತದೆ.