ಗಿರಣಿ ತಂಡದ ಮೂವರು ಮತ್ತು ಹಿತ್ತಲ ಬಾಗಿಲು

೧೯೭೯ ನವೆಂಬರ್ ೪, ಭಾನುವಾರ. ಬೆಳಿಗ್ಗೆ ಆರೂ ಹತ್ತಕ್ಕೆ ಪತ್ರಿಕೆಗೆಂದು ಇದನ್ನು ಬರೆಯಲು ಕುಳಿತೆ.

ಎದುರು ಮನೆಯ ಮುದುಕ ಕಟ್ಟೆಯ ಮೇಲೆ ಕುಳಿತು ಎತ್ತಿನ ಕೊರಳಪಟ್ಟಿಗೆ ಕುಸುಬಿ ಎಣ್ಣೆ ತಿಕ್ಕುತ್ತಿದ್ದಾನೆ. ಒಣಗಿದ ತೊಗಲು ಎಣ್ಣೆ ಕುಡಿಯುವಾಗ ಬರುವ ಆ ಕಮಟು ವಾಸನೆ ಕಿಟಕಿಯಿಂದ ಒಳಗೆ ಬಂತು, ನಾನು ಸಿಂದಗಿಯ ಈ ಬಾಡಿಗೆ ಕೋಣೆಯಿಂದ ಮನಸ್ಸಿನಲ್ಲೇ ಎದ್ದು ಇಂಡಿ ಊರಿನ ನಮ್ಮ ಖಾನಾವಳಿಯ ಪಡಸಾಲೆಗೆ ಹೋಗಿಬಿಟ್ಟೆ. ಅಲ್ಲಿ ಪ್ರತಿ ಭಾನುವಾರ ಅಪ್ಪನ ತಮ್ಮ ಚಂದ್ರಾಮ ಕಾಕಾ ಕಾಲು ಚಾಚಿ ಕುಳಿತು, ಬಾಸ್ಕೆಟ್‌ಬಾಲಿನ ತೊಗಲಿಗೆ ಇದೇ ಎಣ್ಣೆ ಸವರಿ, ನೆಲಕ್ಕೆ ಪುಟಿಸಿ ನೋಡುತ್ತಿದ್ದ. ಒಳಗೆ ಆಯಿ, ನನ್ನ ಅಜ್ಜಿ, ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಚೆಂಡು, ಒಳಗೆ ರೊಟ್ಟಿ, ಎರಡರ ಸದ್ದೂ ಒಂದೇ ತಾಳದಲ್ಲಿರುತ್ತಿತ್ತು. ಅಪ್ಪ, ಅವ್ವ ಹಲಸಂಗಿಯಲ್ಲಿ ಹೊಲ ನೋಡಿಕೊಂಡಿದ್ದರು. ಸಾಲೆಗೆಂದು ನನ್ನನ್ನು ಆಯಿಯ ಹತ್ತಿರ ಬಿಟ್ಟಿದ್ದರು. ಆ ಮನೆ ಈಗ ಇಲ್ಲ. ಅಲ್ಲಿ ಗೊಬ್ಬರದ ಅಂಗಡಿ ಇದೆ.

ನಮ್ಮ ಖಾನಾವಳಿ ನಡೆಯುತ್ತಿದ್ದುದೇ ಹತ್ತಿ ಗಿರಣಿಯ ಬಾಸ್ಕೆಟ್‌ಬಾಲ್ ತಂಡದಿಂದ. ಗಿರಣಿಯ ಹಳೆಯ ಮಾಲೀಕರಿಗೆ ಆ ಆಟದ ಹುಚ್ಚು. ಆಡುವುದಕ್ಕೇ ಪಗಾರ ಕೊಟ್ಟು ಆಳುಗಳನ್ನು ಇಟ್ಟಿದ್ದರು. ಹತ್ತಿಯ ಅಂಡಿಗೆಗಳನ್ನು, ಆ ದೊಡ್ಡ ಮೂಟೆಗಳನ್ನು, ಹೊರುವವರು ಅವರನ್ನು ಕಂಡರೆ, ‘ಜಿಗಿಯೋದಕ್ಕ ರೊಕ್ಕ ಕೊಡೋ ಸರಕಾರ ಇದೊಂದ ನೋಡ್ರಿ’ ಎಂದು ನಗುತ್ತಿದ್ದರು. ಬುಟ್ಟಿಗೆ ಹಾಕಿದವನಿಗೆ ಎಲ್ಲ ಕಡೆ ಚಪ್ಪಾಳೆ. ನಮ್ಮ ಪಡಸಾಲೆಯಲ್ಲಿ ಮಾತ್ರ ಬುಟ್ಟಿ ತಪ್ಪಿ ಹಲಗೆಗೆ ಬಡಿದು ಮರಳುವ ಚೆಂಡನ್ನು ಗಾಳಿಯಲ್ಲೇ ಕಸಿದುಕೊಂಡವನೇ ದೊಡ್ಡವ. ಅಂಥವರು ಆ ತಂಡದಲ್ಲಿ ಮೂವರು ಆಗಿಹೋದರು. ಮೊದಲನೆಯವ ತಾಂಬಾದ ಸಿದ್ದಪ್ಪ. ಕುರಿ ಕಾಯ್ದು ಬೆಳೆದವ, ಮರಿಗಳಿಗೆಂದು ಜಾಲಿಯ ಕಾಯಿ ಕೆಡವಿ ಕೆಡವಿ ಕೈ ಉದ್ದವಾದವ. ಎರಡನೆಯವ ತಂಗಡಗಿಯ ಮಲ್ಲಯ್ಯ. ಕೃಷ್ಣೆಯ ಉಸುಕಿನಲ್ಲಿ ಓಡಿ ಗಟ್ಟಿಯಾದ ಅವನ ಮೀನಖಂಡ ನೋಡಲು ಹುಡುಗರು ಬರುತ್ತಿದ್ದರು. ಮೂರನೆಯವ ನಮ್ಮ ಕಾಕಾ. ಮೂವರಲ್ಲಿ ಗಿಡ್ಡ, ಆದರೆ ಮೂವರಲ್ಲಿ ಹೆಚ್ಚು ಗೆರೆಗಳು ಅವನವು. ಆಟ ಮುಗಿದ ಮೇಲೆ ಅಡಿಗೆಮನೆಯ ಗೋಡೆಗೆ ಇದ್ದಿಲಿನಿಂದ ಅವರವರ ಹೆಸರಿನ ಕೆಳಗೆ ಹಿಡಿದ ಚೆಂಡಿಗೊಂದು ಗೆರೆ ಎಳೆಯುವುದು ನನ್ನ ಕೆಲಸ. ಉಣ್ಣಲು ಬಂದ ಸಿದ್ದಪ್ಪ ಕೈ ತೊಳೆಯುವ ಮೊದಲೇ ಗೋಡೆ ನೋಡುತ್ತಿದ್ದ.

‘ಏ ತಂಗೀ, ನಿಮ್ಮ ಕಾಕಾಂದು ಅಂತ ಎರಡ ಗೆರಿ ಜಾಸ್ತಿ ಎಳದೇನವಾ?’ ಎನ್ನುತ್ತಿದ್ದ. ಆಮೇಲೆ ಕಾಕಾನತ್ತ ತಿರುಗಿ, ‘ಚಂದ್ರಾಮಾ, ನೀ ಹಲಗಿ ಕೂಡ ಮಾತಾಡ್ತಿಯೇನಲೇ? ಚೆಂಡು ಬಡಿಯೂದಕ್ಕ ನೀ ಅಲ್ಲೇ ಇರ್ತಿ. ನನಗೂ ಒಂಚೂರು ಹೇಳಲಾ.’

‘ನಿನಗ ಹೇಳಿದ್ರ ಸಂಜೀಕ ತಾಂಬಾದ ಕುರಿಗೂ ಗೊತ್ತಾಗತೈತಿ’ ಎಂದು ಕಾಕಾ ನಗಿಸುತ್ತಿದ್ದ.

ಗಿರಣಿಯ ಅಂಗಳದಲ್ಲಿ ಬುಟ್ಟಿಯ ಹಿಂದಿದ್ದ ಆ ಹಲಗೆಯನ್ನು ಮುರಿದ ಚಕ್ಕಡಿ ಗಾಡಿಯ ಪಕ್ಕದ ಹಲಗೆಗಳಿಂದ ಕೂಡಿಸಿದ್ದರು. ಒಂದು ಬಿರುಕು ಬಿಟ್ಟಿತ್ತು, ಇನ್ನೊಂದರ ಮೊಳೆ ಸಡಿಲಾಗಿತ್ತು. ನಮ್ಮಲ್ಲಿ ಆಡಿದ ದಿನ ಗೋಡೆಯ ಮೇಲೆ ಕಾಕಾನ ಗೆರೆಗಳಿಗೆ ಜಾಗ ಸಾಲುತ್ತಿರಲಿಲ್ಲ. ಮುದ್ದೇಬಿಹಾಳಕ್ಕೋ ಸಿಂದಗಿಗೋ ಹೋಗಿ ಬಂದ ದಿನ ಎರಡೋ ಮೂರೋ ಇರುತ್ತಿದ್ದವು. ‘ಆ ಊರಾಗ ಬಿಸಲು ಎದರಿಗೆ ಹೊಡೀತೈತಿ’ ಎನ್ನುತ್ತಿದ್ದ. ನಾವು ನಂಬಿದ್ದೆವು. ಆಯಿ ನಂಬಿರಲಿಲ್ಲ. ಒಂದು ದಿನ ಅವನು ಚಟ್ನಿಗೆಂದು ಚಾಚಿದ ಕೈ ನೀರಿನ ತಂಬಿಗೆಗೆ ಬಡಿದದ್ದನ್ನು ಅವಳು ನೋಡಿದ್ದಳು. ಮರುದಿನದಿಂದ ಅವನ ತಾಟನ್ನು ತಾನೇ ಬಡಿಸತೊಡಗಿದಳು: ಎಡಕ್ಕೆ ರೊಟ್ಟಿ, ಬಲಕ್ಕೆ ಶೇಂಗಾ ಚಟ್ನಿ, ಮೇಲೆ ಪಲ್ಯ, ಅದರ ಪಕ್ಕ ಉಳ್ಳಾಗಡ್ಡಿ. ಎಂದೂ ಜಾಗ ಬದಲಿಸಲಿಲ್ಲ. ನಾನು ಒಮ್ಮೆ ಆತುರದಲ್ಲಿ ಚಟ್ನಿಯನ್ನು ಎಡಕ್ಕೆ ಹಾಕಿದ್ದಕ್ಕೆ ಕೈ ಮೇಲೆ ಪೆಟ್ಟು ಕೊಟ್ಟು, ‘ಕಣ್ಣಾಗ ಮಬ್ಬು ಬಂದೈತಿ ಅವಗ. ಯಾರ ಮುಂದೂ ಅನಬ್ಯಾಡ. ಗಿರಣ್ಯಾಗ ಗೊತ್ತಾದ್ರ ಅನ್ನ ಹೋಗತೈತಿ’ ಎಂದಳು. ತಾಯಿ ಮಗ ಇಬ್ಬರೂ ಆ ವಿಷಯವನ್ನು ಒಬ್ಬರಿಗೊಬ್ಬರು ಆಡಲೇ ಇಲ್ಲ.

ಮಾಲೀಕರು ತೀರಿಕೊಂಡರು. ಅವರ ಮಕ್ಕಳು ಹೊಸ ಮ್ಯಾನೇಜರನನ್ನು ಕಳಿಸಿದರು. ಒಂದು ಆಟ ನೋಡುತ್ತೇನೆ, ಕೆಲಸಕ್ಕೆ ಬರುವವರನ್ನು ಇಟ್ಟುಕೊಂಡು ಉಳಿದವರನ್ನು ಬಿಡುತ್ತೇನೆ ಎಂದು ಆತ ಮೊದಲೇ ಹೇಳಿಬಿಟ್ಟ. ಆಯಿಗೆ ಆ ವಾರ ನಿದ್ದೆ ಹತ್ತಲಿಲ್ಲ. ಸಡಿಲ ಹಲಗೆಯಿಂದ ಚೆಂಡು ಅಡ್ಡಾದಿಡ್ಡಿ ಸಿಡಿಯುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಮಬ್ಬುಗಣ್ಣಿಗೆ ಅದೇ ಕಷ್ಟವಾಗುತ್ತಿರಬೇಕು, ಹಲಗೆ ಸಪಾಟಾಗಿದ್ದರೆ ಚೆಂಡು ನೆಟ್ಟಗೆ ಕೈಗೆ ಬರುತ್ತದೆ ಎಂದು ತನ್ನಷ್ಟಕ್ಕೆ ತಾನೇ ತೀರ್ಮಾನಿಸಿದಳು. ಆಟದ ಹಿಂದಿನ ದಿನ ಕಾಕಾ ಹತ್ತಿ ಲಾರಿಯ ಸಂಗಡ ಬಸವನ ಬಾಗೇವಾಡಿಗೆ ಹೋಗಿದ್ದ. ಆ ಹೊತ್ತಿನಲ್ಲೇ ಆಯಿ ಬಡಿಗೇರನನ್ನು ಕರೆಸಿ, ನಮ್ಮ ಹಿತ್ತಲ ಬಾಗಿಲು ಕೀಳಿಸಿದಳು. ತವರಿನವರು ಮನೆ ಕಟ್ಟುವಾಗ ಕೊಟ್ಟ ಸಾಗವಾನಿಯ ಬಾಗಿಲು ಅದು. ಸಂಜೆಯೊಳಗೆ ಅದು ಹಳೆಯ ಹಲಗೆಗಳ ಜಾಗದಲ್ಲಿ ಗಿರಣಿಯ ಕಂಬದ ಮೇಲೆ ಸುಣ್ಣ ಬಳಿದುಕೊಂಡು ನಿಂತಿತ್ತು.

ಕಾಕಾ ಮರುದಿನ ಲಾರಿಯಿಂದ ಇಳಿದವನು ನೇರ ಅಂಗಳಕ್ಕೇ ಬಂದ. ಸಿದ್ದಪ್ಪ ಓಡಿ ಹೋಗಿ, ‘ಹಲಗಿ ನೋಡಲೇ, ಸಾಗವಾನಿ! ನಿಮ್ಮವ್ವ ಮನೀ ಬಾಗಲಾನ ಕಿತ್ತು ಹಾಕಿಸ್ಯಾಳ’ ಎಂದ. ಕಾಕಾ ತಲೆಯೆತ್ತಿ ಅದರ ಕಡೆಗೆ ಬಹಳ ಹೊತ್ತು ಮುಖ ಮಾಡಿ ನಿಂತ. ನಂತರ ಹೆಂಗಸರ ಸಾಲಿನಲ್ಲಿದ್ದ ಆಯಿಯ ಕಡೆ ತಿರುಗಿ ನಕ್ಕ. ಆ ನಗು ನೋಡಿ ಆಯಿ ನನ್ನ ಕೈ ಹಿಸುಕಿದಳು.

ಮೊದಲ ಚೆಂಡು ಹಲಗೆಗೆ ಬಡಿಯಿತು. ಎಡಕ್ಕೆ ಮರಳಿತು. ಕಾಕಾ ಬಲಕ್ಕೆ ಜಿಗಿದ. ಎರಡನೆಯದಕ್ಕೆ ಜಿಗಿಯಲೇ ಇಲ್ಲ, ಕತ್ತು ವಾರೆ ಮಾಡಿ ನಿಂತುಬಿಟ್ಟ. ಮೂರನೆಯದು ಅವನ ಹೆಗಲಿಗೇ ಬಡಿದು ಬಿತ್ತು. ಜನ ನಕ್ಕರು. ಅಂಡಿಗೆಯ ಮೇಲೆ ಕುಳಿತವರು, ‘ಬಾಗೇವಾಡ್ಯಾಗ ಏನ ಕುಡದು ಬಂದೀಯೋ?’ ಎಂದು ಕೂಗಿದರು. ಮಲ್ಲಯ್ಯನಿಗೆ ತಡೆಯಲಾಗಲಿಲ್ಲ. ಗೆಳೆಯನನ್ನು ಉಳಿಸಲೆಂದು ಆಡುತ್ತಲೇ ಕೂಗತೊಡಗಿದ: ‘ಎಡಕ್ಕ, ಚಂದ್ರಾಮಾ! ಮುಂದ, ನಿನ್ನ ಮುಂದನ!’ ಆ ಕೂಗೇ ಎಲ್ಲವನ್ನೂ ಹೇಳಿಬಿಟ್ಟಿತು. ಮ್ಯಾನೇಜರ್ ಕುರ್ಚಿಯಿಂದ ಎದ್ದು, ‘ಯಾಕ್ರಿ, ಅವರಿಗೆ ಕಣ್ಣು ಕಾಣಿಸೋದಿಲ್ಲೇನು?’ ಎಂದು ಕೇಳಿದ. ಅರ್ಧ ಆಟಕ್ಕೇ ಕಾಕಾನನ್ನು ಹೊರಗೆ ಕೂರಿಸಿದರು.

ಮನೆಗೆ ಬಂದ ಮೇಲೆ ಆಯಿ ಎಂದಿನಂತೆ ತಾಟು ಇಟ್ಟಳು. ಎಡಕ್ಕೆ ರೊಟ್ಟಿ, ಬಲಕ್ಕೆ ಚಟ್ನಿ. ಕಾಕಾ ಮುಟ್ಟಲಿಲ್ಲ.

‘ಹಳೀ ಹಲಗಿ ಒಂದೊಂದೂ ಒಂದೊಂದು ನಮೂನಿ ಸದ್ದು ಮಾಡ್ತಿದ್ವು, ಯವ್ವಾ’ ಎಂದ. ‘ಎಡದ್ದು ಖಣ್ ಅಂತಿತ್ತು, ನಡುವಿಂದು ದಬ್ ಅಂತಿತ್ತು. ಕೇಳಿ ಜಿಗೀತಿದ್ದೆ. ಚೆಂಡು ನನಗ ಕಂಡು ವರ್ಷ ಆತು.’ ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ ಹೇಳಿದ: ‘ಇವತ್ತ ಅಂಗಳದಾಗ ನೀ ನನ್ನ ತಾಟು ತಿರುವಿ ಇಟ್ಟಿ.’

ಆಯಿ ಒಲೆಯ ಮುಂದಿನಿಂದ ಏಳಲಿಲ್ಲ. ಬೆಳಿಗ್ಗೆ ಹೋಗಿ ಸಾಗವಾನಿ ಕೀಳಿಸಿ ಹಳೆಯ ಹಲಗೆಗಳನ್ನೇ ಹೊಡೆಸಬೇಕು, ಮತ್ತೊಂದು ಆಟ ನೋಡಿರೆಂದು ಮ್ಯಾನೇಜರನ ಕಾಲು ಹಿಡಿಯಬೇಕು ಎಂದು ತನ್ನೊಳಗೇ ಅನ್ನುತ್ತಿದ್ದಳು. ಅವಳಿಗೆ ಅಲ್ಲೇ ಕಣ್ಣು ಹತ್ತಿತು. ಬೆಳಕು ಹರಿಯುವಾಗ ಎದ್ದು ನೋಡಿದರೆ ಕಾಕಾನ ಹಾಸಿಗೆ ಸುತ್ತಿಟ್ಟಿತ್ತು. ಮುಂಬಾಗಿಲ ಅಗಳಿ ಹಾಕಿದ್ದು ಹಾಕಿದಂತೆಯೇ ಇತ್ತು. ಅವನು ಹಿತ್ತಲಿನಿಂದ ಹೋಗಿದ್ದ. ಆ ಬಾಗಿಲು ಇದ್ದಾಗ ತೆರೆದರೆ ಓಣಿಯೆಲ್ಲ ಏಳುವಂತೆ ಕಿರುಗುಟ್ಟುತ್ತಿತ್ತು. ಅಂದು ಅಲ್ಲಿ ಬಾಗಿಲೇ ಇರಲಿಲ್ಲ.

ಕಾಕಾ ಮರಳಿ ಬರಲಿಲ್ಲ. ತಂಡ ಆ ವರ್ಷವೇ ಮುರಿಯಿತು. ಸಿದ್ದಪ್ಪ ಕುರಿಗಳ ಹಿಂದೆ ಹೋದ. ಮಲ್ಲಯ್ಯ ತಂಗಡಗಿಯಲ್ಲಿ ಒಕ್ಕಲುತನ ಹಿಡಿದ. ತಾನು ಕೂಗಬಾರದಿತ್ತು ಎಂದು ಈಗಲೂ ಸಿಕ್ಕಾಗಲೆಲ್ಲ ಅನ್ನುತ್ತಾನೆ. ಉಣ್ಣುವವರಿಲ್ಲದೆ ಖಾನಾವಳಿಯ ಒಲೆ ಆರಿತು. ಮನೆ ಮಾರಿದ ಮೇಲೆ ಹೊಸಬರು ಗೋಡೆಗೆ ಸುಣ್ಣ ಹೊಡೆಸಿದರು, ಗೆರೆಗಳು ಹೋದವು. ಗಿರಣಿಯವರು ಉರುವಲಿಗೆ ಎಸೆದಿದ್ದ ಚಕ್ಕಡಿ ಹಲಗೆಗಳನ್ನು ಮಾತ್ರ ಆಯಿ ಹೊತ್ತು ತಂದಿದ್ದಳು. ಅವು ಈಗ ಸಿಂದಗಿಯಲ್ಲಿ ನನ್ನ ಮಂಚದ ಕೆಳಗಿವೆ. ಆಯಿಯೂ ಇಲ್ಲೇ ಇದ್ದಾಳೆ. ಹಾಸಿಗೆ ಹಿಡಿದಿದ್ದಾಳೆ, ಡಾಕ್ಟರು ನನ್ನನ್ನು ಹೊರಗೆ ಕರೆದು ಮಾತಾಡಿದ್ದಾರೆ. ದಿನಾ ಎರಡು ತಾಟು ಇಡಿಸುತ್ತಾಳೆ. ಎರಡನೆಯದರ ರೊಟ್ಟಿ ಎಡಕ್ಕಿದೆಯೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ನೋಡುತ್ತಾಳೆ.

ಇದನ್ನು ಓದುತ್ತಿರುವ ನಿಮ್ಮೂರಿನಲ್ಲಿ, ಬಸ್ ನಿಲ್ದಾಣದಲ್ಲೋ ಮಠದ ಪಂಕ್ತಿಯಲ್ಲೋ, ಅಗಲ ಹೆಗಲಿನ, ಸದ್ದು ಬಂದ ಕಡೆ ಕತ್ತು ವಾರೆ ಮಾಡುವ ಒಬ್ಬ ಮಬ್ಬುಗಣ್ಣಿನ ಗಂಡಸು ಇದ್ದರೆ, ಈ ಪತ್ರಿಕೆಗೆ ಒಂದು ಕಾರ್ಡು ಹಾಕಿ. ಆಡಿದವರೋ ನೋಡಿದವರೋ ಆಗಿದ್ದರೆ ಅವನು ಹಿಡಿದ ಚೆಂಡುಗಳ ಬಗ್ಗೆಯೂ ಬರೆಯಿರಿ, ಗೋಡೆಯ ಗೆರೆಗಳನ್ನು ಮತ್ತೆ ಬರೆದಿಡುತ್ತೇನೆ. ಆದರೆ ಮೊದಲು ಅವನಿಗೆ ಹೇಳಿ, ಹಳೆಯ ಹಲಗೆಗಳು ನಮ್ಮಲ್ಲಿವೆ. ಎಡದ್ದು ಇನ್ನೂ ಖಣ್ ಎನ್ನುತ್ತದೆ. ಬೇಗ ಹೇಳಿ.